ಒಂಬತ್ತರಲ್ಲಿ ಆರನೇ ಹೆಸರು: ತಂಡದ ಪ್ರಶಸ್ತಿಯಲ್ಲಿ ನನ್ನ ಮಗಳ ಪಾಲು ಎಷ್ಟು?

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು. ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾಗಿದ್ದೇನೆ. ಈಗ ಅಡಿಕೆ, ತೆಂಗಿನ ತೋಟ ನೋಡಿಕೊಂಡಿದ್ದೇನೆ. ಮಗಳು ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿ, ದೂರದ ಊರಿನ ಸಂಶೋಧನಾ ಕೇಂದ್ರವೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಇದು ನಾಲ್ಕನೇ ವರ್ಷ. ಓದಿದ್ದು ಕೆಮಿಸ್ಟ್ರಿಯಾದರೂ ಕೆಲಸ ಕೀಟಶಾಸ್ತ್ರದವರ ಜೊತೆ. ತೆಂಗಿನ ಕೆಂಪು ಮೂತಿ ಹುಳ ಯಾವ ವಾಸನೆಗೆ ಬರುತ್ತದೆ ಎಂದು ಹುಡುಕುವ ಕೆಲಸ. ಕಳೆದ ವರ್ಷ ಅವರ ಸಂಶೋಧನಾ ಪೇಪರ್ ಬಂತು. ಒಂಬತ್ತು ಹೆಸರುಗಳಲ್ಲಿ ಇವಳದ್ದು ಆರನೆಯದು. ಈ ವರ್ಷ ಅದೇ ಕೆಲಸಕ್ಕೆ ಇಡೀ ತಂಡಕ್ಕೆಂದು ಒಂದು ಪ್ರಶಸ್ತಿಯೂ ಬಂತು. ವೇದಿಕೆ ಹತ್ತಿದ್ದು ಗೈಡ್ ಮತ್ತು ಮೊದಲ ಹೆಸರಿನ ಹುಡುಗ. ಫೋಟೋದಲ್ಲೂ ಅವರಿಬ್ಬರೇ. ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಭಾವ, "ಆರನೇ ಹೆಸರು ಅಂದ್ರೆ ಲೆಕ್ಕಕ್ಕಿಲ್ಲ, ಸುಮ್ನೆ ಸೇರಿಸಿದ್ದು" ಎಂದುಬಿಟ್ಟರು. ಮಗಳು ಪಕ್ಕದಲ್ಲೇ ಇದ್ದಳು. ಏನೂ ಹೇಳಲಿಲ್ಲ. ಈಗ ಲ್ಯಾಬಿನ ಮಾತೇ ಎತ್ತುವುದಿಲ್ಲ. ಅವಳಿಗೆ ಮೋಸ ಆಗಿದೆಯೇ? ಈ ಪ್ರಶಸ್ತಿಗೆ ಬೆಲೆ ಇದೆಯೇ? ಉಳಿದ ಸಮಯದಲ್ಲಾದರೂ ಅವಳು ಒಬ್ಬಳೇ ಮಾಡುವಂಥ ಕೆಲಸ ಹಿಡಿಯುವುದು ಒಳ್ಳೆಯದೇ? ನಾನು ಗೈಡ್‌ಗೆ ಒಂದು ಫೋನ್ ಮಾಡಿದರೆ ತಪ್ಪಾಗುತ್ತದೆಯೇ? ಅಂದಹಾಗೆ, ನನ್ನ ತೋಟದಲ್ಲೂ ಕೆಂಪು ಮೂತಿ ಹುಳಕ್ಕೆ ಬಕೆಟ್ ಇಟ್ಟಿದ್ದೇನೆ. ಹುಳ ಬೀಳುತ್ತದೆ, ಆದರೂ ಪಕ್ಕದ ಎರಡು ಸಸಿಗೆ ಹತ್ತಿದೆ.

ಉತ್ತರ: ಮಾಷ್ಟ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಫೋನ್ ಮಾಡಬೇಡಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಮಾತು ಮಗಳ ಬಾಯಿಂದ ಬಂದರೆ ಅದಕ್ಕೆ ತೂಕ. ಅಪ್ಪನಿಂದ ಬಂದರೆ ಅವಳಿಗೆ ಲ್ಯಾಬಿನಲ್ಲಿ ಮುಜುಗರ. ಅವಳು ಹೇಗೆ ಮಾತಾಡಬಹುದು ಎಂದು ಮುಂದೆ ಬರೆದಿದ್ದೇನೆ.

ನಿಮ್ಮ ಉಳಿದ ಮೂರು ಪ್ರಶ್ನೆಗಳ ಹಿಂದೆ ಇರುವ ಸಂಕಟ ಒಂದೇ. ಮಗಳು ನಾಲ್ಕು ವರ್ಷ ದುಡಿದಳು, ಅದನ್ನು ಯಾರಾದರೂ ಗುರುತಿಸಿದರೋ ಇಲ್ಲವೋ? ಕೆಮಿಸ್ಟ್ರಿ ಮತ್ತು ಜೀವಶಾಸ್ತ್ರ ಸೇರುವ ಜಾಗದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಈ ಸಂಕಟ ಬರುತ್ತದೆ. ನನಗೂ ಬಂದಿತ್ತು. ಸಣ್ಣ ವಯಸ್ಸಿನಲ್ಲಿ ಒಂದು ಜೀವಶಾಸ್ತ್ರದ ಗುಂಪಿಗೆ ಒಂದು ಸಂಯುಕ್ತ ಮಾಡಿಕೊಟ್ಟಿದ್ದೆ. ಹನ್ನೊಂದು ಹಂತದ ಕೆಲಸ, ಏಳು ತಿಂಗಳು ಹಿಡಿಯಿತು. ಪೇಪರ್ ಬಂದಾಗ ನನ್ನ ಹೆಸರು ಕೊನೆಯ ಕೃತಜ್ಞತೆಯ ಸಾಲಿನಲ್ಲಿತ್ತು, ಅದೂ ತಪ್ಪು ಸ್ಪೆಲ್ಲಿಂಗಿನಲ್ಲಿ. ನಾನು ಮೊದಲೇ ಕೇಳಿರಲಿಲ್ಲ, ಅವರೂ ಮೊದಲೇ ಹೇಳಿರಲಿಲ್ಲ. ಆಮೇಲೆ ಕೇಳಲು ಧೈರ್ಯ ಬರಲಿಲ್ಲ. ಹಾಗಾಗಿ ನಿಮ್ಮ ಮಗಳ ಮೌನ ನನಗೆ ಪರಿಚಯದ್ದು.

ಮೊದಲು ನಿಮ್ಮ ಭಾವನವರ ಮಾತಿಗೆ ಬರುತ್ತೇನೆ. ಹಾಗೆ ನಂಬಿದವರು ಬಹಳ ಜನ ಇದ್ದಾರೆ, ಕಾಲೇಜುಗಳ ಒಳಗೂ ಇದ್ದಾರೆ. 1970ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪೇಪರ್ ಬಂತು. ಒಂದು ವಂಶವಾಹಿಯನ್ನು, ಅಂದರೆ ಜೀನ್ ಅನ್ನು, ಮೊದಲ ಬಾರಿಗೆ ಪೂರ್ತಿಯಾಗಿ ಲ್ಯಾಬಿನಲ್ಲಿ ಕಟ್ಟಿದ ವರದಿ ಅದು. ತಂಡದ ಮುಖ್ಯಸ್ಥರು ಹರಗೋಬಿಂದ್ ಖೊರಾನಾ. ಅದಕ್ಕೆ ಎರಡು ವರ್ಷ ಮೊದಲೇ ಅವರಿಗೆ ನೊಬೆಲ್ ಬಂದಿತ್ತು. ಆ ಪೇಪರಿನಲ್ಲಿ ಹದಿಮೂರು ಹೆಸರುಗಳಿವೆ. ಖೊರಾನಾ ಅವರ ಹೆಸರು ಐದನೆಯದು! ಯಾಕೆಂದರೆ ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಹಾಕಿದ್ದರು. ಮೊದಲು ಅಗರ್‌ವಾಲ್, ಕೊನೆಗೆ ಯಮಾಡಾ. ಭಾವನವರ ಲೆಕ್ಕ ಹಿಡಿದರೆ ಖೊರಾನಾ ಅವರೂ 'ಸುಮ್ನೆ ಸೇರಿಸಿದವರು' ಆಗಬೇಕು.

ಈಗ ಹೆಚ್ಚಿನ ಕಡೆ ಅಕ್ಷರಮಾಲೆಯ ಕ್ರಮ ಇಲ್ಲ. ಪ್ರಯೋಗದ ಕೆಲಸ ಜಾಸ್ತಿ ಮಾಡಿದವರು ಮೊದಲು, ಲ್ಯಾಬಿನ ಮುಖ್ಯಸ್ಥರು ಕೊನೆಗೆ. ಇದು ಕೆಮಿಸ್ಟ್ರಿಯಲ್ಲೂ ಜೀವಶಾಸ್ತ್ರದಲ್ಲೂ ಸಾಮಾನ್ಯ ರೂಢಿ. ಮಧ್ಯದಲ್ಲಿ ಬರುವ ಹೆಸರುಗಳಿಗೆ ಮಾತ್ರ ಗಟ್ಟಿ ನಿಯಮ ಇಲ್ಲ. ಮೂರನೆಯವರು ಎರಡು ವರ್ಷ ದುಡಿದಿರಬಹುದು, ನಾಲ್ಕನೆಯವರು ಎರಡು ವಾರ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಇಲ್ಲಿ. ಆರನೇ ಹೆಸರು ಸಣ್ಣದು ಅಂತ ಅಲ್ಲ. ಆರನೆಯವರು ಏನು ಮಾಡಿದರು ಎಂದು ಆ ಸ್ಥಾನ ಹೇಳುವುದಿಲ್ಲ, ಅಷ್ಟೇ.

ಹಾಗಾದರೆ ಅವಳು ಮಾಡಿದ್ದೇನು? ನಿಮ್ಮ ಪತ್ರದಲ್ಲಿ ಅದು ಇಲ್ಲ. ಆದರೆ ಇಂಥ ಕೆಲಸ ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತು. ಹೇಳುತ್ತೇನೆ ಕೇಳಿ.

ಕೆಂಪು ಮೂತಿ ಹುಳದ ಗಂಡು ಒಂದು ವಾಸನೆ ಬಿಡುತ್ತದೆ. ಅದಕ್ಕೆ ಗಂಡೂ ಬರುತ್ತದೆ, ಹೆಣ್ಣೂ ಬರುತ್ತದೆ. ಆ ವಾಸನೆಯ ಮುಖ್ಯ ಅಣು 4-ಮೀಥೈಲ್-5-ನೋನನಾಲ್ ಎಂದು 1993ರಲ್ಲಿ ಗೊತ್ತಾಯಿತು. ತೋಟಗಳಲ್ಲಿ ಈಗ ಬಕೆಟ್ ಇಟ್ಟು ಅದರೊಳಗೆ ತೂಗುಹಾಕುವ ಸಣ್ಣ ಪೊಟ್ಟಣದಲ್ಲಿ ಇರುವುದು ಅದೇ. ನಿಮ್ಮ ಮಗಳ ತಂಡ ಇನ್ನೂ ಮುಂದೆ ಹೋಗಿ ಬೇರೆ ವಾಸನೆಗಳನ್ನು ಹುಡುಕುತ್ತಿರಬೇಕು. ಹುಡುಕುವ ರೀತಿ ನೋಡಿ. ಹುಳದ ಮೀಸೆಯನ್ನು, ಅಂದರೆ ಆಂಟೆನಾವನ್ನು, ಬಿಡಿಸಿ ಕೂದಲಿನಂಥ ಎರಡು ಎಲೆಕ್ಟ್ರೋಡ್‌ಗಳ, ಅಂದರೆ ವಿದ್ಯುತ್ ಸಂಕೇತ ಹಿಡಿಯುವ ತಂತಿಗಳ, ನಡುವೆ ಕೂರಿಸುತ್ತಾರೆ. ಮರದಿಂದಲೋ ಹುಳದಿಂದಲೋ ಹಿಡಿದ ವಾಸನೆಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರಕ್ಕೆ ಬಿಡುತ್ತಾರೆ. ಅದು ನೂರಾರು ಅಣುಗಳನ್ನು ಒಂದೊಂದಾಗಿ ಬೇರ್ಪಡಿಸಿ ಹೊರಗೆ ಕಳಿಸುತ್ತದೆ. ಹೊರಗೆ ಬಂದದ್ದು ಎರಡು ದಾರಿಯಾಗಿ ಹೋಗುತ್ತದೆ. ಅರ್ಧ ಯಂತ್ರದ ಡಿಟೆಕ್ಟರಿಗೆ, ಅರ್ಧ ಆ ಮೀಸೆಯ ಮೇಲೆ. ಪರದೆಯಲ್ಲಿ ಎರಡು ಗೆರೆಗಳು ಓಡುತ್ತಿರುತ್ತವೆ. ಮೇಲಿನ ಗೆರೆ ಎಷ್ಟೋ ಸಲ ಜಿಗಿಯುತ್ತದೆ. ಕೆಳಗಿನ ಗೆರೆ, ಹುಳದ್ದು, ಬಹಳ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಒಮ್ಮೆ ಎರಡೂ ಒಟ್ಟಿಗೆ ಅಲುಗುತ್ತವೆ. ಆ ಕ್ಷಣದಲ್ಲಿ ಹೊರಬಂದ ಅಣುವನ್ನೇ ಹುಳ ಗುರುತಿಸುವುದು. ನಾನು ಇದನ್ನು ಮೊದಲ ಸಲ ನೋಡಿದ ದಿನ ಊಟ ಮರೆತಿದ್ದೆ.

ಈಗ ಹೇಳಿ, ಇದು ಕೆಮಿಸ್ಟ್ರಿಯೋ ಜೀವಶಾಸ್ತ್ರವೋ? ಮೀಸೆಯನ್ನು ಜೀವಂತ ಇಡಲು ಕೀಟ ಬಲ್ಲವರು ಬೇಕು. ಆ ಜಿಗಿತ ಯಾವ ಅಣುವಿನದ್ದು ಎಂದು ಹೇಳಲು ಕೆಮಿಸ್ಟ್ ಬೇಕು. ಕಷ್ಟದ ಭಾಗ ಶುರುವಾಗುವುದು ಅಲ್ಲಿಂದ. 4-ಮೀಥೈಲ್-5-ನೋನನಾಲ್ ಎಂದು ಹೆಸರು ಹೇಳಿದರೆ ಮುಗಿಯಲಿಲ್ಲ. ಎಡಗೈ ಬಲಗೈ ಇದ್ದ ಹಾಗೆ ಆ ಅಣುವಿಗೆ ನಾಲ್ಕು ರೂಪಗಳಿವೆ. ಹುಳ ಬಿಡುವುದು ಅದರಲ್ಲಿ ಒಂದನ್ನು. ಯಾವುದನ್ನು ಎಂದು ತಿಳಿಯಬೇಕಾದರೆ ಯಾರಾದರೂ ಕೂತು ಆ ರೂಪಗಳನ್ನು ಲ್ಯಾಬಿನಲ್ಲಿ ತಯಾರಿಸಿ ಹೋಲಿಸಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಪೇಪರಿನಲ್ಲಿ ಅದು ಎರಡು ಸಾಲು. ನಿಮ್ಮ ಮಗಳು ಮಾಡಿದ್ದು ಈ ಜಾತಿಯ ಕೆಲಸವಾಗಿದ್ದರೆ, ಅವಳಿಲ್ಲದೆ ಆ ಪೇಪರ್ ಇಲ್ಲ. ಮೊದಲ ಹೆಸರಿನ ಹುಡುಗ ಇಲ್ಲದೆಯೂ ಇಲ್ಲ. ಎರಡೂ ನಿಜ.

ಇದು ಹೊಸ ಸಂಗತಿಯೂ ಅಲ್ಲ. ನೀವು ಪ್ರತಿ ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಿಸುತ್ತೀರಲ್ಲ, ಆ ಬೋರ್ಡೋ ದ್ರಾವಣ ಬಂದದ್ದೇ ಇಂಥ ಜೋಡಿಯಿಂದ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರಿದ್ದರು. ಕಳ್ಳರು ಹಣ್ಣು ಕೀಳದಿರಲಿ ಎಂದು ದಾರಿ ಬದಿಯ ದ್ರಾಕ್ಷಿ ಬಳ್ಳಿಗೆ ಮೈಲುತುತ್ತು, ಸುಣ್ಣ ಎರಚಿದ್ದನ್ನು ಅವರು ನೋಡಿದರು. ಆ ಬಳ್ಳಿಗಳ ಎಲೆ ಮಾತ್ರ ರೋಗ ಇಲ್ಲದೆ ಉಳಿದಿತ್ತು. ಇದನ್ನು ಕಂಡದ್ದು ಸಸ್ಯ ಬಲ್ಲ ಕಣ್ಣು. ಅದನ್ನು ಅಳತೆಗೆ ತರಲು ಜೊತೆಗೂಡಿದವರು ಗೇಯಾನ್, ಅಲ್ಲಿನ ಕೆಮಿಸ್ಟ್ರಿ ಪ್ರೊಫೆಸರ್. 1885ರಲ್ಲಿ ವಿಷಯ ಪ್ರಕಟವಾಯಿತು. ಪುಸ್ತಕಗಳಲ್ಲಿ ಮಿಲಾರ್ಡೆ ಹೆಸರು ಎಲ್ಲಾ ಕಡೆ ಇದೆ, ಗೇಯಾನ್ ಹೆಸರು ಅಲ್ಲೊಂದು ಇಲ್ಲೊಂದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ, ಕೊನೆಗೆ ಕತ್ತಿ ಅದ್ದಿ ನೋಡುತ್ತೀರಲ್ಲ? ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತೀರಿ. ಆ ಕತ್ತಿಯ ಪರೀಕ್ಷೆ ಅಪ್ಪಟ ಕೆಮಿಸ್ಟ್ರಿ. ಮಹಾಳಿ ರೋಗದಿಂದ ಉಳಿಯುವ ಅಡಿಕೆ ಜೀವಶಾಸ್ತ್ರ.

ಪ್ರಶಸ್ತಿಯ ಪ್ರಶ್ನೆಗೆ ಬರುತ್ತೇನೆ. ತಂಡಕ್ಕೆ ಕೊಟ್ಟ ಪ್ರಶಸ್ತಿ ಅಂದರೆ ಹಂಚಿಕೊಂಡು ತೆಳುವಾದ ಪ್ರಶಸ್ತಿ ಎಂಬ ಭಾವನೆ ನಮ್ಮಲ್ಲಿ ಇದೆ. ಇದಕ್ಕೆ ದೊಡ್ಡ ಕಾರಣ ನೊಬೆಲ್. ವಿಜ್ಞಾನದ ನೊಬೆಲ್ ಒಂದು ವಿಭಾಗದಲ್ಲಿ ಮೂವರಿಗಿಂತ ಜಾಸ್ತಿ ಜನಕ್ಕೆ ಕೊಡುವುದಿಲ್ಲ. ಅದನ್ನು ನೋಡಿ ನೋಡಿ, ದೊಡ್ಡ ಕೆಲಸ ಎಂದರೆ ಒಬ್ಬರು, ಹೆಚ್ಚೆಂದರೆ ಮೂವರು ಮಾಡುವುದು ಎಂದು ನಮ್ಮ ತಲೆಯಲ್ಲಿ ಕೂತಿದೆ. ಆ ಮೂವರ ಗೆರೆಯಿಂದ ಹೊರಗೆ ಉಳಿದವರ ಕಥೆ ಕೇಳಿ.

ಪೆನಿಸಿಲಿನ್‌ಗೆ 1945ರಲ್ಲಿ ನೊಬೆಲ್ ಬಂದದ್ದು ಫ್ಲೆಮಿಂಗ್, ಫ್ಲೋರಿ, ಚೈನ್ ಅವರಿಗೆ. ಫ್ಲೋರಿ, ಚೈನ್ ಅವರ ಆಕ್ಸ್‌ಫರ್ಡ್ ತಂಡದಲ್ಲಿ ನಾರ್ಮನ್ ಹೀಟ್ಲಿ ಎಂಬ ಜೀವರಸಾಯನ ತಜ್ಞ ಇದ್ದರು. ಬೂಷ್ಟು ಬೆಳೆದ ದ್ರವದಿಂದ ಪೆನಿಸಿಲಿನ್ ತೆಗೆಯಲು ಹೋದರೆ ಅದು ಹಾಳಾಗುತ್ತಿತ್ತು. ಹುಳಿ ಮಾಡಿದಾಗ ಅದು ಈಥರ್ ಎಂಬ ದ್ರಾವಕಕ್ಕೆ ಹೋಗುತ್ತದೆ, ಅಲ್ಲಿಗೆ ನಿಂತುಬಿಡುತ್ತಿತ್ತು. ಹುಳಿ ಕಡಿಮೆ ಮಾಡಿದ ನೀರಿಗೆ ಅದನ್ನು ವಾಪಸು ಎಳೆಯೋಣ ಎಂದದ್ದು ಹೀಟ್ಲಿ. ಕೇಳಲು ಸಣ್ಣ ಉಪಾಯ. ಅದರಿಂದಲೇ ರೋಗಿಗೆ ಕೊಡುವಷ್ಟು ಮದ್ದು ಕೈಗೆ ಬಂತು. ಯುದ್ಧದ ಕಾಲ, ಪಾತ್ರೆ ಸಿಗುತ್ತಿರಲಿಲ್ಲ. ಆಸ್ಪತ್ರೆಯ ಬೆಡ್‌ಪ್ಯಾನ್‌ಗಳಲ್ಲಿ ಬೂಷ್ಟು ಬೆಳೆಸಿದವರೂ ಅವರೇ. ನೊಬೆಲ್ ಪಟ್ಟಿಯಲ್ಲಿ ಹೆಸರಿಲ್ಲ. ಆಕ್ಸ್‌ಫರ್ಡ್ ಅವರಿಗೆ ವೈದ್ಯಕೀಯದ ಗೌರವ ಡಾಕ್ಟರೇಟ್ ಕೊಟ್ಟದ್ದು 1990ರಲ್ಲಿ. ವೈದ್ಯರಲ್ಲದವರಿಗೆ ಆ ವಿಶ್ವವಿದ್ಯಾಲಯ ಅದನ್ನು ಕೊಟ್ಟದ್ದು ಅದೇ ಮೊದಲು. ನಲವತ್ತೈದು ವರ್ಷ ತಡ ಮಾಷ್ಟ್ರೇ. ಈ ಕಥೆ ಹೇಳುವಾಗಲೆಲ್ಲ ನನಗೆ ಈಗಲೂ ಬೇಸರವಾಗುತ್ತದೆ.

ಇಂಥ ತಪ್ಪನ್ನು ಸರಿ ಮಾಡಲೆಂದೇ ತಂಡದ ಪ್ರಶಸ್ತಿಗಳು ಬಂದಿವೆ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ತನ್ನ ಪ್ರಶಸ್ತಿಗಳ ಪದ್ಧತಿಯನ್ನು ಪರಿಶೀಲಿಸಿ, 2020ರ ಸುಮಾರಿಗೆ ಹೊರೈಝನ್ ಎಂಬ ಹೆಸರಿನ ತಂಡದ ಪ್ರಶಸ್ತಿಗಳನ್ನು ಶುರು ಮಾಡಿತು. ಅದರಲ್ಲಿ ವಿದ್ಯಾರ್ಥಿಗಳು, ತಂತ್ರಜ್ಞರು ಎಲ್ಲರ ಹೆಸರೂ ಸೇರುತ್ತದೆ. ಕೆಮಿಸ್ಟ್ರಿ ಮತ್ತು ಜೀವಶಾಸ್ತ್ರ ಸೇರುವ ಜಾಗದ ಕೆಲಸಕ್ಕೇ ಒಂದು ಬೇರೆ ಪ್ರಶಸ್ತಿ ಇದೆ. ಅದರ ಹೆಸರು ರೀಟಾ ಮತ್ತು ಜಾನ್ ಕಾರ್ನ್‌ಫರ್ತ್ ಪ್ರಶಸ್ತಿ. ನಮ್ಮಲ್ಲೂ 2023ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ವಿಜ್ಞಾನ ಪುರಸ್ಕಾರಗಳನ್ನು ಘೋಷಿಸಿದಾಗ 'ವಿಜ್ಞಾನ್ ಟೀಮ್' ಎಂಬ ವಿಭಾಗ ಸೇರಿಸಿತು. 2024ರಲ್ಲಿ ಅದು ಚಂದ್ರಯಾನ-3ರ ತಂಡಕ್ಕೆ ಹೋಯಿತು.

ಆ ಕಾರ್ನ್‌ಫರ್ತ್ ದಂಪತಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇಬ್ಬರೂ ಆಸ್ಟ್ರೇಲಿಯಾದವರು, ಇಬ್ಬರೂ ಕೆಮಿಸ್ಟರು. ಸಿಡ್ನಿಯಲ್ಲಿ ಓದುವಾಗ ರೀಟಾ ಅವರ ಕೈಯಿಂದ ಕ್ಲೈಸನ್ ಫ್ಲಾಸ್ಕ್ ಎಂಬ ಗಾಜಿನ ಪಾತ್ರೆಯ ಪಕ್ಕದ ಕೊಳವೆ ಮುರಿಯಿತಂತೆ. ಗಾಜಿನ ಕೆಲಸ ಬಲ್ಲ ಹುಡುಗ ಅಂತ ಜಾನ್ ಹತ್ತಿರ ರಿಪೇರಿಗೆ ಹೋದರು. ಪರಿಚಯ ಶುರುವಾದದ್ದು ಹಾಗೆ. ಜಾನ್‌ಗೆ ಹುಡುಗನಾಗಿದ್ದಾಗಿನಿಂದ ಕಿವಿ ಮಂದವಾಗುತ್ತಾ ಬಂದು, ಇಪ್ಪತ್ತರ ಹೊತ್ತಿಗೆ ಪೂರ್ತಿ ಕೇಳದಾಯಿತು. 1941ರಲ್ಲಿ ಮದುವೆಯಾದರು, ಜೀವನಪೂರ್ತಿ ಒಟ್ಟಿಗೆ ಕೆಲಸ ಮಾಡಿದರು. ಜಾನ್ ಅವರ ಇನ್ನೊಬ್ಬ ಜೊತೆಗಾರ ಜಾರ್ಜ್ ಪೊಪ್ಯಾಕ್, ಜೀವರಸಾಯನ ತಜ್ಞ. ನಮ್ಮ ದೇಹ ಕೊಲೆಸ್ಟರಾಲನ್ನು ಹೇಗೆ ಕಟ್ಟುತ್ತದೆ, ಅದರ ಯಾವ ಕಾರ್ಬನ್ ಎಲ್ಲಿಂದ ಬಂತು ಎಂದು ಇಬ್ಬರೂ ಸೇರಿ ಸುಮಾರು ಇಪ್ಪತ್ತು ವರ್ಷ ಹುಡುಕಿದರು. ಬ್ರಿಟನ್ನಿನ ರಾಯಲ್ ಸೊಸೈಟಿ ಕೊಡುವ ಡೇವಿ ಪದಕ 1968ರಲ್ಲಿ ಇಬ್ಬರಿಗೂ ಒಟ್ಟಿಗೆ ಬಂತು. 1975ರ ನೊಬೆಲ್ ಕಾರ್ನ್‌ಫರ್ತ್ ಅವರಿಗೆ ಬಂತು, ಜೊತೆಗೆ ಬೇರೆ ಕೆಲಸ ಮಾಡಿದ ಪ್ರೆಲಾಗ್ ಅವರಿಗೆ. ಪೊಪ್ಯಾಕ್ ಅವರಿಗೆ ಬರಲಿಲ್ಲ. ರೀಟಾ ಅವರಿಗೂ ಬರಲಿಲ್ಲ. ಈಗ ತಂಡಗಳಿಗೆ ಕೊಡುವ ಪ್ರಶಸ್ತಿಯಲ್ಲಿ ರೀಟಾ ಅವರ ಹೆಸರನ್ನೇ ಮೊದಲು ಹಾಕಿದ್ದಾರೆ. ನನಗೆ ಅದು ಬಹಳ ಇಷ್ಟ.

ಹಾಗಾಗಿ ಪ್ರಶಸ್ತಿಗೆ ಬೆಲೆ ಇದೆ. ಆದರೆ ಒಂದು ವಿಷಯ ನೀವು ವಿಚಾರಿಸಲೇಬೇಕು. ಪ್ರಶಸ್ತಿಗೆ ಹೆಸರು ಕಳಿಸುವಾಗ ಸದಸ್ಯರ ಪಟ್ಟಿ ಕೊಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಮಗಳ ಹೆಸರು ಇದೆಯೇ? ಇಂಥ ಆಯ್ಕೆ ಸಮಿತಿಗಳಲ್ಲಿ ನಾನೂ ಕೂತಿದ್ದೇನೆ. 'ಮುಖ್ಯಸ್ಥರು ಮತ್ತು ತಂಡ' ಎಂದು ಬರೆದು ಮುಗಿಸಿದ ಅರ್ಜಿಗಳು ಬಹಳ ಬರುತ್ತಿದ್ದವು. ಯಾರು ಆ ತಂಡ ಎಂದು ಕೇಳಿ ವಾಪಸು ಕಳಿಸಿದ್ದೂ ಇದೆ. ಕೆಟ್ಟ ಮನಸ್ಸಿನಿಂದ ಹಾಗೆ ಮಾಡಿದವರು ಕಡಿಮೆ. ಕೊನೆಯ ದಿನ, ಗಡಿಬಿಡಿ, ಹೆಸರು ಬಿಟ್ಟುಹೋಯಿತು, ಅಷ್ಟೇ. ವೇದಿಕೆಯ ಫೋಟೋದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಒಂಬತ್ತು ಜನಕ್ಕೆ ಪ್ರಯಾಣದ ಖರ್ಚು ಕೊಡುವವರು ಕಡಿಮೆ. ಪಟ್ಟಿ ಮುಖ್ಯ. ಪಟ್ಟಿಯಲ್ಲಿ ಹೆಸರಿದ್ದರೆ ಪ್ರಮಾಣಪತ್ರದ ಒಂದು ಪ್ರತಿ ಕೇಳಿ ಪಡೆಯುವುದು ಅವಳ ಹಕ್ಕು. ಇಲ್ಲದಿದ್ದರೆ, ಸೇರಿಸಿ ಎಂದು ಗೈಡ್ ಒಂದು ಇಮೇಲ್ ಕಳಿಸಿದರೆ ಎಷ್ಟೋ ಸಂಸ್ಥೆಗಳು ಸರಿ ಮಾಡುತ್ತವೆ.

ಎಲ್ಲಾ ಚೆನ್ನಾಗಿದೆ ಎಂದು ನಿಮ್ಮನ್ನು ಸಮಾಧಾನ ಮಾಡಿ ಕಳಿಸಲು ನನಗೆ ಇಷ್ಟವಿಲ್ಲ. ಅಂಕದ ಲೆಕ್ಕದಲ್ಲಿ ಆರನೇ ಹೆಸರಿಗೆ ನಿಜವಾಗಿ ನಷ್ಟ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮದ ಸಂಶೋಧನಾ ಅಂಕ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂಬ ಅಳತೆ) 2ರಿಂದ 5ರ ಒಳಗಿನ ಪತ್ರಿಕೆಯ ಪೇಪರಿಗೆ 20 ಅಂಕ. ಇಬ್ಬರಿಗಿಂತ ಜಾಸ್ತಿ ಜನ ಬರೆದಿದ್ದರೆ ಮೊದಲ ಹೆಸರಿನವರಿಗೆ ಅಥವಾ ಕರೆಸ್ಪಾಂಡಿಂಗ್ ಆಥರ್‌ಗೆ (ಪತ್ರಿಕೆಯ ಜೊತೆ ಪತ್ರವ್ಯವಹಾರ ಮಾಡುವ ಲೇಖಕರಿಗೆ) ಶೇಕಡಾ 70, ಉಳಿದ ಪ್ರತಿಯೊಬ್ಬರಿಗೆ ಶೇಕಡಾ 30. ಅಂದರೆ ಅವರಿಗೆ 14, ನಿಮ್ಮ ಮಗಳಿಗೆ 6. ಎರಡನೆಯವರಿಗೂ 6, ಎಂಟನೆಯವರಿಗೂ 6. ನಾಳೆ ಅವಳು ಕಾಲೇಜಿಗೆ ಸೇರಿ, ಅಸೋಸಿಯೇಟ್ ಪ್ರೊಫೆಸರ್ ಆಗುವ ಹೊತ್ತಿಗೆ ಈ ಲೆಕ್ಕ ಬರುತ್ತದೆ. ನಿಯಮ ಬದಲಾಗುತ್ತಾ ಇರುತ್ತದೆ, ಅರ್ಜಿ ಹಾಕುವ ವರ್ಷದ್ದನ್ನು ನೋಡಿಕೊಳ್ಳಬೇಕು. ಆದರೆ ಒಟ್ಟು ಮನೋಭಾವ ಇದು. ಹತ್ತು ಕೈ ಸೇರಿ ಮಾಡಬೇಕಾದ ಕೆಲಸಕ್ಕೆ ಹಣ ಕೊಡುತ್ತಾರೆ, ಅಂಕ ಕೊಡುವಾಗ ಒಂದು ಕೈ ಹುಡುಕುತ್ತಾರೆ. ಇದು ಸರಿ ಅಲ್ಲ ಎಂದು ನಾನು ಸಭೆಗಳಲ್ಲಿ ಹೇಳುತ್ತಾ ಬಂದಿದ್ದೇನೆ, ಇಲ್ಲೂ ಹೇಳುತ್ತೇನೆ.

ಇನ್ನೊಂದು ಕಾರಣ ಎರಡು ಶಾಖೆಗಳ ಅಭ್ಯಾಸ. ಅಣು ಗುರುತಿಸಿ ಕೊಡುವುದು ಎಷ್ಟೋ ಜೀವಶಾಸ್ತ್ರದ ಲ್ಯಾಬ್‌ಗಳಿಗೆ 'ಸರ್ವಿಸ್' ಅನ್ನಿಸುತ್ತದೆ. ರಕ್ತ ಪರೀಕ್ಷೆಗೆ ಕೊಟ್ಟು ವರದಿ ತಂದ ಹಾಗೆ. ಹಾಗೆಯೇ, ಹುಳ ಸಾಕಿ ಪರೀಕ್ಷೆ ಮಾಡಿಕೊಡುವುದು ಕೆಮಿಸ್ಟರಿಗೆ ಸರ್ವಿಸ್ ಅನ್ನಿಸುತ್ತದೆ. ಎರಡೂ ಕಡೆ ಒಳ್ಳೆಯವರೇ ಇರುತ್ತಾರೆ, ಆದರೂ ಹೀಗಾಗುತ್ತದೆ. ದುಡ್ಡು ಕಟ್ಟಿ ಮಾಡಿಸಿದ ಅಳತೆಗೆ ಕೃತಜ್ಞತೆಯ ಸಾಲು ಸಾಕು, ಅದರಲ್ಲಿ ತಪ್ಪಿಲ್ಲ. ಆದರೆ ಏನು ಅಳೆಯಬೇಕು ಎಂದು ಯೋಚಿಸಿದವರು, ಬಂದ ಉತ್ತರಕ್ಕೆ ಅರ್ಥ ಹೇಳಿದವರು ಲೇಖಕರೇ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಇದಕ್ಕೆ ನಾಲ್ಕು ಷರತ್ತು ಹೇಳುತ್ತದೆ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು. ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಸೇರಿರಬೇಕು. ಕೊನೆಯ ಪ್ರತಿಯನ್ನು ಒಪ್ಪಿರಬೇಕು. ಕೆಲಸದ ಹೊಣೆ ಹೊರಲು ತಯಾರಿರಬೇಕು. ನಾಲ್ಕೂ ಬೇಕು. ನಿಮ್ಮ ಮಗಳು ಆ ಪೇಪರಿನ ಕರಡು ಓದಿ ತಿದ್ದಿದ್ದಳೇ ಎಂದು ಕೇಳಿ. ಎಷ್ಟೋ ವಿದ್ಯಾರ್ಥಿಗಳಿಗೆ ಕರಡು ತೋರಿಸಿಯೇ ಇರುವುದಿಲ್ಲ. ಹಾಗಾಗಿದ್ದರೆ, ಅವಳು ನೊಂದುಕೊಳ್ಳಬೇಕಾದದ್ದು ಆರನೇ ಸ್ಥಾನಕ್ಕಲ್ಲ, ಅದಕ್ಕೆ.

ಮೋಸ ಆಗಿದೆಯೇ ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿರುವಷ್ಟರಿಂದ ಮೋಸ ಎನ್ನಲು ಆಗುವುದಿಲ್ಲ. ಹೆಸರು ಬಿಟ್ಟಿದ್ದರೆ, ಅವಳ ಕೆಲಸವನ್ನು ಇನ್ನೊಬ್ಬರದ್ದು ಎಂದು ಬರೆದಿದ್ದರೆ ಅದು ಮೋಸ. ಇಲ್ಲಿ ಹೆಸರಿದೆ. ಅವಳ ಪಾಲು ಏನೆಂಬುದು ಹೊರಗೆ ಕಾಣುತ್ತಿಲ್ಲ. ಅದನ್ನು ಕಾಣುವ ಹಾಗೆ ಮಾಡಬಹುದು.

ಮೊದಲ ದಾರಿ ಸುಲಭದ್ದು. ಈಗ ಬಹಳ ಪತ್ರಿಕೆಗಳಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬ ಒಂದು ಪ್ಯಾರಾ ಕೊನೆಗೆ ಇರುತ್ತದೆ. ಕ್ರೆಡಿಟ್ ಎಂಬ ಹೆಸರಿನ ಒಂದು ಪಟ್ಟಿ ಇದೆ, ಅದರಲ್ಲಿ ಹದಿನಾಲ್ಕು ಬಗೆಯ ಕೆಲಸಗಳು. ಆಲೋಚನೆ, ವಿಧಾನ, ಪ್ರಯೋಗ, ವಿಶ್ಲೇಷಣೆ, ಬರವಣಿಗೆ ಹೀಗೆ. ಮಗಳ ಪೇಪರಿನಲ್ಲಿ ಆ ಪ್ಯಾರಾ ಇದೆಯೇ ನೋಡಿ. ಇದ್ದರೆ ಅವಳ ಬಯೋಡೇಟಾದಲ್ಲಿ ಪೇಪರಿನ ಕೆಳಗೆ ಒಂದೇ ಸಾಲು ಬರೆಯಲಿ: 'ಇದರಲ್ಲಿ ಅಣುವನ್ನು ಗುರುತಿಸಿದ್ದು, ಅದರ ರೂಪಗಳನ್ನು ತಯಾರಿಸಿದ್ದು ನಾನು.' ಸಂದರ್ಶನದಲ್ಲಿ ಕೂತವರು ಮೊದಲು ಕೇಳುವುದು ಅದನ್ನೇ. ಒಂದೇ ಎಚ್ಚರ, ಮಾಡಿದ್ದಕ್ಕಿಂತ ಒಂದು ಕೂದಲೆಳೆಯೂ ಜಾಸ್ತಿ ಬರೆಯಬಾರದು. ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ನಾನೇ ನೋಡಿದ್ದೇನೆ.

ಆ ಪ್ಯಾರಾ ಇಲ್ಲದಿದ್ದರೆ ಗೈಡ್ ಹತ್ತಿರ ಒಂದು ಪತ್ರ ಕೇಳಬಹುದು. ಹೇಗೆ ಕೇಳುವುದು ಎಂಬುದೇ ದೊಡ್ಡ ಭಯ, ಅಲ್ವಾ? ಅನ್ಯಾಯ ಆಯಿತು ಎಂದು ಶುರು ಮಾಡಿದರೆ ಮಾತು ಅಲ್ಲಿಗೇ ಕೆಡುತ್ತದೆ. "ಸರ್, ಪೋಸ್ಟ್ ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸಕ್ಕೆ) ಅರ್ಜಿ ತಯಾರು ಮಾಡುತ್ತಿದ್ದೇನೆ. ಈ ಪೇಪರಿನಲ್ಲಿ ನನ್ನ ಪಾಲು ಇಷ್ಟು ಎಂದು ಬರೆದಿದ್ದೇನೆ, ನೀವು ನೋಡಿ ಸರಿ ಮಾಡಿಕೊಡಿ" ಎಂದು ಒಂದು ಪುಟ ಮುಂದಿಡಲಿ. ಹತ್ತರಲ್ಲಿ ಎಂಟು ಗೈಡ್‌ಗಳು ಸಂತೋಷದಿಂದ ಸಹಿ ಹಾಕುತ್ತಾರೆ ಎಂಬುದು ನನ್ನ ಅನುಭವ. ಹಾಕದವರು ಯಾಕೆ ಹಾಕಲಿಲ್ಲ ಎಂಬುದೂ ಅವಳಿಗೆ ಬೇಕಾದ ಮಾಹಿತಿಯೇ.

ಮೂರನೆಯದು ಸ್ವಲ್ಪ ಕಷ್ಟ, ಆದರೆ ನನ್ನ ಮನಸ್ಸು ಒಲಿಯುವುದು ಇದರ ಕಡೆಗೆ. ಕೆಮಿಸ್ಟ್ರಿಯ ಭಾಗವನ್ನೇ ಬೇರೆ ಪೇಪರ್ ಮಾಡುವುದು, ಅದರಲ್ಲಿ ಅವಳ ಹೆಸರು ಮೊದಲು. ತಯಾರಿಸುವ ಹೊಸ ದಾರಿ ಕಂಡಿದ್ದರೆ, ಹೊಸ ಅಳತೆಯ ವಿಧಾನ ಇದ್ದರೆ ಅದು ನ್ಯಾಯವಾದ ಪೇಪರ್. ಅಪಾಯವೂ ಇದೆ. ಮೊದಲೇ ಅಚ್ಚಾದ ಅಂಕಿಅಂಶವನ್ನೇ ಮತ್ತೆ ಕೊಟ್ಟರೆ ಪತ್ರಿಕೆಯವರು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಒಂದು ಕೆಲಸವನ್ನು ಚೂರು ಚೂರು ಮಾಡಿ ಮಾರಿದ ಹಾಗೂ ಆಗಬಾರದು. ಹೊಸದಾಗಿ ಮೂರು ನಾಲ್ಕು ತಿಂಗಳ ಪ್ರಯೋಗ ಬೇಕಾಗಬಹುದು. ನಾಲ್ಕನೇ ವರ್ಷದಲ್ಲಿ ಫೆಲೋಶಿಪ್ ಎಷ್ಟು ತಿಂಗಳು ಉಳಿದಿದೆ ಎಂದು ಲೆಕ್ಕ ಹಾಕಿಯೇ ಹೊರಡಬೇಕು. ಪ್ರಬಂಧದ ಚಿಂತೆ ಇದ್ದರೆ, 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿ ಸಲ್ಲಿಸಲು ಪೇಪರ್ ಕಡ್ಡಾಯ ಇಲ್ಲ. ವಿಶ್ವವಿದ್ಯಾಲಯಕ್ಕೆ ತನ್ನದೇ ನಿಯಮ ಇರಬಹುದು, ಅದನ್ನು ಕೇಳಿಕೊಳ್ಳಲಿ. ಅವಳ ಪ್ರಬಂಧದಲ್ಲಿ ಅವಳ ಎರಡು ಸಾಲಿನ ಕೆಲಸ ಎರಡು ಅಧ್ಯಾಯವಾಗಿ ಬರಬಹುದು.

ದೂರು ಕೊಡುವ ದಾರಿಯೂ ಇದೆ. ಪತ್ರಿಕೆಗೆ ಬರೆಯಬಹುದು. ಆದರೆ ಲೇಖಕರ ಜಗಳವನ್ನು ಪತ್ರಿಕೆ ತೀರ್ಮಾನ ಮಾಡುವುದಿಲ್ಲ, ಸಂಸ್ಥೆಗೆ ಕಳಿಸುತ್ತದೆ. ಅಚ್ಚಾದ ಮೇಲೆ ಹೆಸರಿನ ಕ್ರಮ ಬದಲಿಸಲು ಎಲ್ಲಾ ಲೇಖಕರೂ ಒಪ್ಪಬೇಕು. ಬರೀ ಕ್ರಮಕ್ಕಾಗಿ ಆ ದಾರಿ ಹಿಡಿಯುವುದು ಬೇಡ ಎನ್ನುತ್ತೇನೆ. ಒಂದು ವರ್ಷ ಹೋಗುತ್ತದೆ, ಶಿಫಾರಸು ಪತ್ರ ಬರೆಯಬೇಕಾದವರ ಜೊತೆ ಮನಸ್ಸು ಮುರಿಯುತ್ತದೆ. ಸುಳ್ಳು ಬರೆದಿದ್ದಾರೆ ಎಂದಾದರೆ ಮಾತ್ರ ಬೇರೆ. ಆಗ ಹಿಂದೆ ಸರಿಯಬಾರದು. ಆಗ ಬೇಕಾಗುವುದು ತಾರೀಕು ಹಾಕಿದ ಲ್ಯಾಬ್ ನೋಟ್‌ಬುಕ್. ಅವಳು ದಿನಾ ಬರೆಯುತ್ತಾಳೆ ತಾನೇ?

ಇನ್ನು ಒಬ್ಬಳೇ ಮಾಡುವ ಕೆಲಸ. ಮಾಷ್ಟ್ರೇ, ಬೇಡ. ಅವಳು ಇರುವ ಜಾಗದಲ್ಲಿ ಒಬ್ಬರೇ ಮಾಡುವ ಕೆಲಸ ಎಂಬುದಿಲ್ಲ. ನಮ್ಮ ಕಾಸರಗೋಡು ಜಿಲ್ಲೆಗೇ ಅದು ಚೆನ್ನಾಗಿ ಗೊತ್ತು. ಗೇರು ತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟರು. ಮಕ್ಕಳ ಸ್ಥಿತಿ ನೋಡಿ ಮೊದಲು ಅನುಮಾನ ಪಟ್ಟದ್ದು ಊರಿನವರು, ಊರಿನ ವೈದ್ಯರು. ಆದರೆ ಅನುಮಾನವನ್ನು ಪುರಾವೆ ಮಾಡಲು ನೀರು, ಮಣ್ಣು, ರಕ್ತದಲ್ಲಿ ಆ ಅಣುವನ್ನು ಅಳೆಯುವವರು ಬೇಕಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಪಡ್ರೆ ಗ್ರಾಮಕ್ಕೆ ಬಂದರು. ಸುಪ್ರೀಂ ಕೋರ್ಟ್ ತಡೆ ಹಾಕಿದ್ದು 2011ರಲ್ಲಿ. ಬರೀ ವೈದ್ಯರಿಂದ ಅದು ಆಗುತ್ತಿರಲಿಲ್ಲ, ಬರೀ ಕೆಮಿಸ್ಟರಿಂದಲೂ ಆಗುತ್ತಿರಲಿಲ್ಲ. ಮನೆ ಮನೆಗೆ ಹೋಗಿ ರಕ್ತದ ಮಾದರಿ ತೆಗೆದವರು ಯಾರು ಎಂದು ನನ್ನನ್ನು ಕೇಳಿದರೆ ನನಗೆ ಹೆಸರು ಗೊತ್ತಿಲ್ಲ. ಗೊತ್ತಿರಬೇಕಿತ್ತು.

ಮುಂದಿನ ಪೇಪರಿನ ಬಗ್ಗೆ ಒಂದೇ ಮಾತು. ಪ್ರಯೋಗ ಶುರುವಾಗುವ ಮೊದಲೇ ಯಾರ ಹೆಸರು ಎಲ್ಲಿ ಎಂದು ಎಲ್ಲರೂ ಕೂತು ಮಾತಾಡಿ, ಒಂದು ಇಮೇಲಿನಲ್ಲಿ ಬರೆದಿಡಲಿ. ಕೆಲಸ ಬದಲಾದರೆ ಇಮೇಲೂ ಬದಲಾಗಲಿ. ಹೊಲದ ಗಡಿಗೆ ಮೊದಲೇ ಕಲ್ಲು ಹಾಕಿದ ಹಾಗೆ. ನಾನು ಆ ಹನ್ನೊಂದು ಹಂತದ ಕೆಲಸಕ್ಕೆ ಮೊದಲು ಈ ಹತ್ತು ನಿಮಿಷದ ಮಾತು ಆಡಿದ್ದರೆ ಸಾಕಿತ್ತು.

ಪತ್ರದ ಕೊನೆಯಲ್ಲಿ ನಿಮ್ಮ ತೋಟದಲ್ಲೂ ಕೆಂಪು ಮೂತಿ ಹುಳಕ್ಕೆ ಬಕೆಟ್ ಇಟ್ಟಿದ್ದೀರಿ, ಹುಳ ಬೀಳುತ್ತದೆ, ಆದರೂ ಪಕ್ಕದ ಎರಡು ಸಸಿಗೆ ಹತ್ತಿದೆ ಎಂದಿದ್ದೀರಿ. ಪರಿಮಳಕ್ಕೆ ಬಂದ ಹುಳಗಳೆಲ್ಲ ಬಕೆಟಿಗೇ ಬೀಳುವುದಿಲ್ಲ, ಕೆಲವು ಹತ್ತಿರದ ಮರಕ್ಕೆ ಹೋಗುತ್ತವೆ. ಬಕೆಟನ್ನು ತೆಂಗಿಗೆ ಕಟ್ಟಬೇಡಿ, ಎಳೆಯ ಸಸಿಗಳಿಂದ ದೂರ ಇಡಿ. ಎಷ್ಟು ದೂರ, ಪೊಟ್ಟಣ ಎಷ್ಟು ದಿನಕ್ಕೆ ಬದಲಿಸಬೇಕು, ಒಳಗೆ ಬೇರೆ ಏನು ಹಾಕಿದರೆ ಒಳ್ಳೆಯದು ಎಂಬುದನ್ನು ಮುಂದಿನ ಸಲ ಮಗಳು ಮನೆಗೆ ಬಂದಾಗ ತೋಟಕ್ಕೆ ಕರೆದುಕೊಂಡು ಹೋಗಿ ಅವಳನ್ನೇ ಕೇಳಿ. ಭಾವನವರನ್ನೂ ಕರೆಯಿರಿ.